ಮೀನು, ನೀರುನಾಯಿ, ಹಂಚಿನ ಮಾಡು: ಈ ವಾರದ ಪ್ರಶ್ನೋತ್ತರ

ಅಡ್ಮಿನ್: ಮೀನುಗಾರಿಕೆ ಇಲಾಖೆಯಲ್ಲಿ ಬಹುಕಾಲ ದುಡಿದು, ನಿವೃತ್ತಿಯ ಮೇಲೆ ತೀರ್ಥಹಳ್ಳಿ ಸೀಮೆಯಲ್ಲಿ ತೋಟ ಮಾಡಿಕೊಂಡಿರುವ ನಮ್ಮ ಸದಸ್ಯರು ಇವತ್ತು ಉತ್ತರಿಸುತ್ತಾರೆ. ಮನೆ ರಿಪೇರಿಯ ಪ್ರಶ್ನೆ ಬಂದರೆ ಗುಂಪಿನ ಬಡಗಿಯವರೂ ಇದ್ದಾರೆ. ಗುಡ್ ಮಾರ್ನಿಂಗ್ ಫೋಟೊ ಹಾಕಿದರೆ ಅಳಿಸುತ್ತೇನೆ.

ಪ್ರಶ್ನೆ (ಹೊಸನಗರದಿಂದ): ಸರ್, ನಮ್ಮದು ಎರಡು ಗುಂಟೆಯ ಹೊಂಡ. ಹೋದ ವರ್ಷ ಮರಿ ಬಿಟ್ಟಿದ್ದು, ಚೆನ್ನಾಗಿ ಬೆಳೆದಿದ್ದವು. ಮೊನ್ನೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ಸತ್ತು ತೇಲಿದವು. ಪಕ್ಕದ ಮನೆಯವರು ಆಮ್ಲಜನಕ ಕಮ್ಮಿ ಅಂತಾರೆ. ಅಂಗಡಿಯವರು ರೋಗ ಅಂತ ಒಂದು ಬಾಟ್ಲಿ ಔಷಧಿ ಕೊಟ್ಟಿದ್ದಾರೆ. ಹಾಕಲೋ ಬೇಡವೋ?

ಉತ್ತರ: ಬಾಟ್ಲಿಯ ಮುಚ್ಚಳ ತೆಗೀಬೇಡಿ ಮಾರಾಯ್ರೆ. ಮೊದಲು ಇಷ್ಟು ಹೇಳಿ. ಸತ್ತದ್ದು ದೊಡ್ಡವು ಮಾತ್ರವೋ, ಸಣ್ಣವೂ ಸೇರಿಯೋ? ಅಂಚಿನ ಬಸವನಹುಳು, ಕಪ್ಪೆಮರಿ ಏನಾಗಿವೆ? ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಯಾವಾಗ ಹೊಡೆಸಿದ್ರಿ?

ಪ್ರಶ್ನೆ ಕೇಳಿದವರು: ಸಣ್ಣದು ದೊಡ್ಡದು ಎಲ್ಲ ಸತ್ತಿವೆ ಸರ್. ಈಗ ಹೋಗಿ ನೋಡಿದೆ, ಬಸವನಹುಳುಗಳೂ ಸತ್ತು ಬಿದ್ದಿವೆ. ಔಷಧಿ ಹೊಡೆದದ್ದು ಹಿಂದಿನ ದಿನವೇ. ಹುಡುಗರು ಡ್ರಮ್ ತೊಳೆದದ್ದು ಹೊಂಡದ ಮೇಲಿನ ಕಟ್ಟೆಯಲ್ಲಿ. ಸಂಜೆ ಜೋರು ಮಳೆ ಬಂತು.

ಉತ್ತರ: ಹಾಗಾದರೆ ಇದು ಬಹುತೇಕ ಆ ಔಷಧಿಯಲ್ಲಿರುವ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ಕೆಲಸ. ತಾಮ್ರ ಮೀನಿಗೂ ವಿಷ, ಬಸವನಹುಳುವಿಗಂತೂ ಕೇಳುವುದೇ ಬೇಡ. ಬರೀ ಆಮ್ಲಜನಕದ ಕೊರತೆಯಾಗಿದ್ದರೆ ಲಕ್ಷಣ ಬೇರೆ. ಮೀನು ಬಾಯಿ ಬಿಡುವುದು ಬೆಳಗಿನ ಜಾವಕ್ಕೆ, ಯಾಕೆಂದರೆ ರಾತ್ರಿಯಿಡೀ ಪಾಚಿಯೂ ಉಸಿರಾಡಿ ನೀರಿನಲ್ಲಿದ್ದದ್ದನ್ನು ಮುಗಿಸಿರುತ್ತದೆ. ಮೊದಲು ಸಾಯುವುದು ದೊಡ್ಡ ಮೀನು. ಬಿಸಿಲು ಏರಿದ ಹಾಗೆ ಉಳಿದವು ಚೇತರಿಸಿಕೊಂಡು ಕೆಳಗಿಳಿಯುತ್ತವೆ. ನಿಮ್ಮಲ್ಲಿ ಬಿಸಿಲು ಬಂದ ಮೇಲೂ ಸಾಯುತ್ತಾ ಹೋಗಿವೆ.

ಮಲೆನಾಡಿನ ನೀರು ಮೆದು, ಹುಳಿ ಅಂಶದ್ದು. ಬಯಲುಸೀಮೆಯ ಸುಣ್ಣದ ನೀರಿಗಿಂತ ಇಂಥ ನೀರಿನಲ್ಲಿ ತಾಮ್ರದ ವಿಷ ಜೋರಾಗಿ ಹತ್ತುತ್ತದೆ. ಅದರ ಮೇಲೆ ತಾಮ್ರಕ್ಕೆ ಪಾಚಿಯೂ ಸಾಯುತ್ತದೆ, ಸತ್ತ ಪಾಚಿ ಕೊಳೆಯುವಾಗ ಇದ್ದ ಆಮ್ಲಜನಕವೂ ಹೋಗುತ್ತದೆ. ಹಾಗಾಗಿ ನಿಮ್ಮ ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ.

ಈಗ ಮಾಡಬೇಕಾದ್ದು ಹೇಳುತ್ತೇನೆ. ತೂಬು ತೆಗೆದು ಮೂರನೇ ಒಂದು ಭಾಗ ನೀರನ್ನು ಖಾಲಿ ಗದ್ದೆಗೆ ಬಿಡಿ, ಹಳ್ಳಕ್ಕೆ ಬೇಡ. ಬಾವಿಯದೋ ಬೋರಿನದೋ ಹೊಸ ನೀರು ತುಂಬಿಸಿ. ಪೈಪಿನ ತುದಿಗೆ ತೂತು ಹೊಡೆದ ಡಬ್ಬಿ ಕಟ್ಟಿ ಆಳೆತ್ತರದಿಂದ ಸುರಿಸಿದರೆ ಗಾಳಿಯೂ ಸೇರುತ್ತದೆ. ಒಂದು ವಾರ ತೌಡು, ಹಿಂಡಿ, ಸಗಣಿ ಯಾವುದೂ ಬೇಡ. ಆಮೇಲೆ ಕೃಷಿ ಸುಣ್ಣ ಕೊಡಿ. ಎರಡು ಗುಂಟೆಗೆ ನಾಲ್ಕೈದು ಕೆಜಿ ಸಾಕು, ಅದನ್ನೂ ಎರಡು ಮೂರು ಸಲಕ್ಕೆ ಹಂಚಿ, ನೀರಿನಲ್ಲಿ ಕಲಸಿ ಎರಚಿ. ಮೀನಿರುವ ಹೊಂಡಕ್ಕೆ ಸುಟ್ಟ ಸುಣ್ಣ ಮಾತ್ರ ಬೇಡವೇ ಬೇಡ. ಸತ್ತ ಮೀನನ್ನು ಹೂಳಿ. ತಿನ್ನುವುದೂ ಬೇಡ, ಆಳುಗಳಿಗೆ ಕೊಡುವುದೂ ಬೇಡ.

ಪ್ರಶ್ನೆ (ಕೊಪ್ಪದಿಂದ): ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ಹಾಗಾದರೆ ತೋಟದ ನಡುವೆ ಹೊಂಡ ಇದ್ದವರು ಮೀನು ಸಾಕಲೇಬಾರದಾ? ಕೊಳೆರೋಗಕ್ಕೆ ಹೊಡೆಯದೆ ಅಡಿಕೆ ಉಳಿಯಲ್ಲವಲ್ಲ.

ಉತ್ತರ: ಧಾರಾಳವಾಗಿ ಸಾಕಿ. ಬೋರ್ಡೋ, ಅಂದರೆ ತುತ್ತ ಮತ್ತು ಸುಣ್ಣ ಬೆರೆಸಿದ ಈ ಕೊಳೆ ಔಷಧಿ, ಸರಿಯಾಗಿ ಕೂಡಿದ್ದರೆ ತಾಮ್ರ ಸುಣ್ಣದ ಜೊತೆ ಗಷ್ಟಾಗಿ ಕೂತಿರುತ್ತದೆ. ಸುಣ್ಣ ಕಮ್ಮಿಯಾಗಿ ನೀರಿನಲ್ಲಿ ಕರಗಿಯೇ ಉಳಿದ ತಾಮ್ರದಿಂದಲೇ ಹೆಚ್ಚಿನ ಅನಾಹುತ. ನೂರು ಲೀಟರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ, ಆದರೆ ಪೇಟೆಯ ಸುಣ್ಣ ಎಲ್ಲ ಒಂದೇ ಗುಣದ್ದಲ್ಲ. ಅದಕ್ಕೇ ಹಳಬರು ಕತ್ತಿ ಅದ್ದಿ ನೋಡುತ್ತಿದ್ದದ್ದು. ಮಸೆದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಹಿಡಿಯಿರಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಇನ್ನೂ ಸುಣ್ಣದ ತಿಳಿ ಬೇಕು ಎಂದು ಅರ್ಥ. ಸ್ಟೀಲ್ ಚಾಕುವಿನಲ್ಲಿ ಪರೀಕ್ಷೆ ಮಾಡಬೇಡಿ, ಗೊತ್ತಾಗಲ್ಲ. ಡ್ರಮ್, ಪೈಪು, ಔಷಧಿ ಹೊಡೆಯುವ ಪಂಪು ತೊಳೆದ ನೀರು ಹೊಂಡದ ಕಡೆ ಇಳಿಯದ ಹಾಗೆ ಒಂದು ಬಸಿಗಾಲುವೆ ತಿರುಗಿಸಿ. ಹೊಂಡದ ಮೇಲೆ ಬಾಗಿರುವ ಅಂಚಿನ ಮರಗಳಿದ್ದರೆ ಅವನ್ನು ಮಳೆ ಬಿಟ್ಟ ದಿನ ನೋಡಿ ಹೊಡೆಸಿ.

ಪ್ರಶ್ನೆ (ಶಿಕಾರಿಪುರದಿಂದ): ಒಂದು ಗುಂಟೆಗೆ ಎಷ್ಟು ಮರಿ ಬಿಡಬಹುದು?

ಉತ್ತರ: ಬೆರಳುದ್ದದ್ದಾದರೆ ಐವತ್ತು. ಕಾಟ್ಲಾ ಮೇಲಿನ ನೀರಿನದು, ರೋಹು ನಡುವಿನದು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ್ದು. ಮೂರೂ ಪಾಲು ಹೆಚ್ಚು ಕಮ್ಮಿ ಸಮ ಇರಲಿ. ತಂದ ಚೀಲವನ್ನು ಕಾಲು ಗಂಟೆ ಹೊಂಡದಲ್ಲಿ ತೇಲಿಸಿ, ಬಾಯಿ ಬಿಚ್ಚಿ ಹೊಂಡದ ನೀರು ಸ್ವಲ್ಪ ಸೇರಿಸಿ, ಮರಿಗಳು ತಾವಾಗಿ ಹೊರಬರಲಿ.

ಪ್ರಶ್ನೆ (ಅವರೇ): ಒಬ್ಬರು ಮುರುಗೋಡು ಮರಿ ಬಹಳ ಅಗ್ಗಕ್ಕೆ ಕೊಡ್ತೀನಿ ಅಂತಿದ್ದಾರೆ. ಆರು ತಿಂಗಳಲ್ಲಿ ಕೆಜಿ ತೂಗುತ್ತಂತೆ.

ಉತ್ತರ: ನಮ್ಮ ಊರಿನ ಮುರುಗೋಡು ಆ ವೇಗದಲ್ಲಿ ಬೆಳೆಯುವುದಿಲ್ಲ. ಅವರು ಕೊಡುತ್ತಿರುವುದು ಆಫ್ರಿಕನ್ ಕ್ಯಾಟ್‌ಫಿಶ್ ಇರಬೇಕು. ಕೇಂದ್ರ ಸರ್ಕಾರ ಅದನ್ನು 2000ದಲ್ಲೇ ನಿಷೇಧಿಸಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮತ್ತೆ ಚಾಟಿ ಬೀಸಿತು. ಮಳೆಗಾಲದಲ್ಲಿ ಹೊಂಡ ಉಕ್ಕಿ ಒಂದು ಮೀನು ಹಳ್ಳ ಸೇರಿದರೂ ಅಲ್ಲಿನ ಸಣ್ಣ ಮೀನು, ಕಪ್ಪೆ, ಮೊಟ್ಟೆ ಯಾವುದನ್ನೂ ಬಿಡುವುದಿಲ್ಲ. ಗಾಳಿಯನ್ನೇ ನೇರ ಉಸಿರಾಡುವ ಜಾತಿ, ಗಬ್ಬು ನೀರಿನಲ್ಲೂ ಬದುಕುತ್ತದೆ. ಬೇಡ.

ಪ್ರಶ್ನೆ (ಶೃಂಗೇರಿ ಕಡೆಯಿಂದ): ಅಣ್ಣಾ, ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಹತ್ತುಮೀನು ಹಿಡಿಯುವುದು ನಮ್ಮ ಅಜ್ಜನ ಕಾಲದಿಂದ ಇದೆ. ಈಗ ಅದನ್ನೂ ತಪ್ಪು ಅಂತಾರಲ್ಲ?

ಉತ್ತರ: ತಮ್ಮಾ, ಅಜ್ಜನ ಕಾಲದಲ್ಲಿ ಕೈಯಲ್ಲಿದ್ದದ್ದು ಕೂಣಿ (ಕಡ್ಡಿಯಲ್ಲಿ ಹೆಣೆದ ಮೀನುಬುಟ್ಟಿ) ಮತ್ತು ಲಾಟೀನು. ಈಗ ಕಾಲುವೆಯ ಅಗಲಕ್ಕೂ ಸೊಳ್ಳೆಪರದೆಯಂಥ ಬಲೆ ಕಟ್ಟುತ್ತಾರೆ, ಇನ್ವರ್ಟರ್ ಬ್ಯಾಟರಿ ತಂದು ಕರೆಂಟ್ ಬಿಡುತ್ತಾರೆ. ಹತ್ತಿ ಬರುವುದು ತತ್ತಿ ತುಂಬಿದ ಮೀನು. ಗದ್ದೆಯ ತೆಳು ನೀರಿಗೆ ಹೋಗಿ ತತ್ತಿ ಇಟ್ಟು, ಮರಿಗಳು ಮಳೆ ಕಮ್ಮಿಯಾಗುವಾಗ ಹಳ್ಳಕ್ಕೆ ಇಳಿಯುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಹತ್ತುವಾಗ ಬಿಡಿ, ಇಳಿಯುವಾಗ ಗದ್ದೆಯ ಕಂಡಿಗೆ ಕೂಣಿ ಇಟ್ಟು ಊಟಕ್ಕೆ ಬೇಕಾದಷ್ಟು ಹಿಡಿಯಿರಿ. ಕೂಣಿಯ ಕಡ್ಡಿಗಳ ನಡುವೆ ಕಿರುಬೆರಳು ತೂರುವಷ್ಟು ಸಂದಿರಲಿ, ಮರಿ ತಪ್ಪಿಸಿಕೊಳ್ಳುತ್ತದೆ. ತೋಟೆ (ಸಿಡಿಮದ್ದು) ಹಾಕುವುದು, ನೀರಿಗೆ ವಿಷ ಬೆರೆಸುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಕಾರೆಕಾಯಿ ಜಜ್ಜಿ ಹಾಕುವುದೂ ಅದರಲ್ಲೇ ಬಂತು, ಸೊಪ್ಪು ಕಾಯಿ ಎಂದು ವಿನಾಯಿತಿ ಇಲ್ಲ. ಶೃಂಗೇರಿ ಮಠದ ಎದುರಿನ ಮೀನು, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯ ಮೀನು ದೊಡ್ಡದಾಗಿರುವುದು ಅಲ್ಲಿ ಯಾರೂ ಕೈ ಹಾಕದ ಕಾರಣಕ್ಕೆ.

ಪ್ರಶ್ನೆ (ಕಳಸದಿಂದ): ಹೊಂಡಕ್ಕೆ ನೀರುನಾಯಿ ಬರ್ತಿದೆ ಅಂತ ಗುಮಾನಿ. ಖಾತ್ರಿ ಹೇಗೆ? ಓಡಿಸುವುದು ಹೇಗೆ?

ಉತ್ತರ: ಅಂಚಿನ ಕಲ್ಲಿನ ಮೇಲೆ ಹಿಕ್ಕೆ ಹುಡುಕಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾಕಿರುತ್ತದೆ, ಕಡ್ಡಿಯಲ್ಲಿ ಕೆದಕಿದರೆ ಮೀನಿನ ಪೊರೆ, ಏಡಿಯ ಚಿಪ್ಪು ಚೂರು ಚೂರಾಗಿ ಸಿಗುತ್ತವೆ, ವಾಸನೆಯೇ ಹೇಳುತ್ತದೆ. ಬರೀ ಏಡಿ ಚಿಪ್ಪೇ ತುಂಬಿದ್ದರೆ ಅದು ಘಟ್ಟದ ಹಳ್ಳಗಳ ಚಿಕ್ಕ ಜಾತಿ, ನಿಮ್ಮ ಮೀನಿಗೆ ಅದರಿಂದ ಅಂಥ ನಷ್ಟವಿಲ್ಲ. ತುಂಗಭದ್ರೆ, ಕಾವೇರಿಯಂಥ ಹೊಳೆಗಳಲ್ಲಿ ಗುಂಪಾಗಿ ಮೀನು ಹಿಡಿಯುವುದು ನಯತುಪ್ಪಳದ ದೊಡ್ಡ ಜಾತಿ. ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಉರುಳು ಗಿರುಳು ಇಡಬೇಡಿ. ಬುಡವನ್ನು ಒಂದಡಿ ಮಣ್ಣಿನಲ್ಲಿ ಹೂತು ತಂತಿಬೇಲಿ ಹಾಕಿ. ಅಷ್ಟು ಖರ್ಚು ಬೇಡವೆಂದರೆ ಬಿದಿರಿನ ಮುಳ್ಳುಹಿಂಡನ್ನು ಹೊಂಡದ ತಳಕ್ಕೆ ಇಳಿಬಿಡಿ, ಮೀನು ಅದರೊಳಗೆ ನುಗ್ಗಿ ಬಚಾವಾಗುತ್ತದೆ. ರಾತ್ರಿ ಬಲೆ ಬೀಸಲು ಬರುವ ಎರಡು ಕಾಲಿನ ನೀರುನಾಯಿಗಳಿಗೂ ಇದೇ ಮದ್ದು.

ಪ್ರಶ್ನೆ (ಅವರೇ): ನೀರುಹಾವೂ ಇದೆ. ಮಕ್ಕಳು ಹೆದರ್ತಾರೆ.

ಉತ್ತರ: ಅದಕ್ಕೆ ವಿಷವಿಲ್ಲ, ಸಿಟ್ಟು ಮಾತ್ರ ಜಾಸ್ತಿ. ಇರಲಿ ಬಿಡಿ. ಆದರೆ ಕಚ್ಚಿದ ಹಾವು ಯಾವುದೆಂದು ಗೊತ್ತಿಲ್ಲದಿದ್ದರೆ ಊಹೆ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ.

ಪ್ರಶ್ನೆ (ಸಿದ್ದಾಪುರದಿಂದ, ಉತ್ತರ ಕನ್ನಡ): ಮೀನಿನ ಪ್ರಶ್ನೆ ಅಲ್ಲ. ಮಂಗ ಹಾರಿ ಹಂಚು ಒಡೆದು ಮಾಡು ಸೋರ್ತಿದೆ. ಒಡೆದ ಹಂಚು ಬದಲಿಸಿದರೂ ಅದೇ ಜಾಗದಲ್ಲಿ ಹನಿ ಬೀಳ್ತದೆ. ಅಟ್ಟದಲ್ಲಿ ಕಬ್ಬೆಕ್ಕು (ಪುನುಗುಬೆಕ್ಕು) ಬೇರೆ.

ಬಡಗಿಯವರು: ಅಕ್ಕಾ, ಹನಿ ಬೀಳುವ ಜಾಗ ಬೇರೆ, ನೀರು ಒಳಗೆ ಬರುವ ಜಾಗ ಬೇರೆ. ಮಾಡಿನ ಇಳಿಜಾರು ಮರ, ಅಂದರೆ ಪಕ್ಕಾಸಿನ ಅಡಿಗುಂಟ ನೀರು ಜಾರಿ ಬಂದು ಕೆಳಗೆಲ್ಲೋ ತೊಟ್ಟಿಕ್ಕುತ್ತದೆ. ಮಳೆ ಬರುವಾಗಲೇ ಅಟ್ಟ ಹತ್ತಿ ಟಾರ್ಚ್ ಬಿಟ್ಟು ಒದ್ದೆ ಗೆರೆಯನ್ನು ಹನಿಯಿಂದ ಮೇಲಕ್ಕೆ ಹಿಡಿದು ಹೋಗಿ, ಗೆರೆ ನಿಂತಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಎಷ್ಟೋ ಸಲ ಹಂಚು ಒಡೆದೇ ಇರುವುದಿಲ್ಲ. ಹಂಚಿನ ಕಾಲುವೆಯಲ್ಲಿ ದರಗು, ಪಾಚಿ ಕಟ್ಟಿ ನೀರು ಪಕ್ಕಕ್ಕೆ ಉಕ್ಕಿರುತ್ತದೆ. ಹಂಚಿನ ಮೇಲೆ ಕಾಲಿಡುವಾಗ ನಡುವೆ ತುಳಿಯದೆ, ಕೆಳಗೆ ರೀಪು (ಹಂಚು ಕೂರುವ ಅಡ್ಡಪಟ್ಟಿ) ಇರುವ ಜೋಡಣೆಯ ಮೇಲೆ ಇಡಬೇಕು. ಒಂದು ಒಡೆದದ್ದು ಬದಲಿಸಲು ಹೋಗಿ ನಾಲ್ಕು ಒಡೆಯುವುದು ಅಲ್ಲೇ. ಪೂರ್ತಿ ಕೈಯಾಡಿಸುವ ಕೆಲಸ ಬೇಸಿಗೆಗೆ ಇರಲಿ. ಆಗ ರೀಪಿಗೆ ಒರಲೆ (ಗೆದ್ದಲು) ಹಿಡಿದಿದೆಯಾ ನೋಡಿ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಹಾಕಿಕೊಂಡೇ ಬಳಿಯಬೇಕು.

ಉತ್ತರ: ಕಬ್ಬೆಕ್ಕಿಗೆ ನಾನು ಹೇಳುತ್ತೇನೆ. ಕತ್ತಲಾದ ಮೇಲೆ ಅದು ಹೊರಗೆ ಹೋಗುತ್ತದೆ. ಮೊದಲು ಅಟ್ಟದಲ್ಲಿ ಮರಿ ಇದೆಯಾ ನೋಡಿ. ಇದ್ದರೆ ಅವು ದೊಡ್ಡವಾಗಿ ತಾಯಿಯ ಜೊತೆ ಹೊರಡುವ ತನಕ ಸಹಿಸಿಕೊಳ್ಳಿ. ಇಲ್ಲದಿದ್ದರೆ ಅದು ಹೋದ ಹೊತ್ತಿಗೆ ಸಂದಿಗೆ ದಪ್ಪ ತಂತಿಜಾಲರಿ ಹೊಡೆಯಿರಿ.

ಪ್ರಶ್ನೆ (ಹಾವೇರಿ ಜಿಲ್ಲೆಯಿಂದ): ನಮ್ಮದು ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ರೀ. ಅದರಾಗ ಮೀನು ಆಗ್ತಾವೇನ್ರಿ?

ಉತ್ತರ: ಆಗ್ತಾವ್ರೀ. ತಳಕ್ಕೆ ಅರ್ಧ ಅಡಿ ಮಣ್ಣು ಹಾಕಿ, ಇಲ್ಲದಿದ್ದರೆ ಮೃಗಾಲ್, ಗೆಂಡೆಗೆ ಕೆದಕಲು ಏನೂ ಸಿಗುವುದಿಲ್ಲ. ಮೀನಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಪಾಚಿ ಹಿಡಿದ ಪ್ಲಾಸ್ಟಿಕ್ ಮೇಲೆ ನಾಯಿಯೂ ಹತ್ತಲಾರದು, ಈಜು ಬಲ್ಲ ಮನುಷ್ಯನೂ ಹತ್ತಲಾರ. ನಾಲ್ಕೂ ಕಡೆ ಗೂಟ ಹೊಡೆದು, ಆರಾರು ಇಂಚಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ತಳ ಮುಟ್ಟುವ ತನಕ ಇಳಿಬಿಡಿ. ಒಂದು ಮೂಲೆಯಲ್ಲಿ ಹಳೆ ಟೈರುಗಳನ್ನು ಏಣಿಯ ಹಾಗೆ ಕಟ್ಟಿ. ಸುತ್ತ ಬೇಲಿ ಹಾಕಿ ಗೇಟಿಗೆ ಬೀಗ ಹಾಕಿ. ಮರಿ ತರುವುದು ಇಷ್ಟೆಲ್ಲ ಆದ ಮೇಲೆ.