ಬೆಳ್ಳಿಯ ಕಲಿಲ: ಹಳದಿ ಬದಲು ಬೂದು ಗಸಿ ಬರುತ್ತಿದೆ

ಪ್ರಶ್ನೆ:
9 ವೋಲ್ಟ್‌ನ ಮೂರು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ, ಬೆಳ್ಳಿಯ ಕಲಿಲ (ಬೆಳ್ಳಿಯ ಅತಿ ಸಣ್ಣ ಕಣಗಳು ತೇಲುವ ಹಳದಿ ನೀರು) ಮಾಡಲೆಂದು ಎರಡು ಶುದ್ಧ ಬೆಳ್ಳಿ ತಂತಿಗಳನ್ನು ಕಾಲು ಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಇಳಿಬಿಟ್ಟಿದ್ದೇನೆ. ಬೇಗ ಆಗಲೆಂದು ಮೊದಲ ಸಲ ಚಿಟಿಕೆ ಉಪ್ಪು ಹಾಕಿದೆ. ನೀರು ಹಾಲಿನಂತಾಯಿತು, ಬಿಸಿಲಿಗೆ ನೇರಳೆಗಪ್ಪಿಗೆ ತಿರುಗಿತು. ಎರಡನೆಯ ಸಲ ಉಪ್ಪಿಲ್ಲದೆ ಮಾಡಿದೆ. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಒಮ್ಮೆಗೇ ತಂತಿಗೆ ಕಪ್ಪು ನವಿರು ಮೆತ್ತಿಕೊಂಡಿತು, ತಳದಲ್ಲಿ ಬೂದು ಗಸಿ ನಿಂತಿತು. ಎಲ್ಲಿ ತಪ್ಪಿದೆ?

ಉತ್ತರ:
ಉಪ್ಪು ಖಂಡಿತ ಬೇಡ. ಅದರ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡು ಸಿಲ್ವರ್ ಕ್ಲೋರೈಡ್ ಆಗುತ್ತದೆ. ನೀವು ಕಂಡ ಬಿಳುಪು ಅದೇ. ಬೆಳಕಿಗೆ ಅದು ಕಪ್ಪಾಗುವ ಗುಣವೇ ಹಳೆಯ ಛಾಯಾಚಿತ್ರಗಳಿಗೆ ಆಧಾರವಾಗಿತ್ತು. ನಲ್ಲಿ ನೀರಿನಲ್ಲೂ ಇದೇ ಪಾಡು.

ಎರಡನೆಯದರಲ್ಲಿ ನೀರಿನ ತಪ್ಪಿಲ್ಲ, ತಪ್ಪು ವಿದ್ಯುತ್ತಿನದು. ಬಟ್ಟಿ ಇಳಿಸಿದ ನೀರು ಮೊದಲು ವಿದ್ಯುತ್ತನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ. ತಂತಿಯಿಂದ ಕರಗಿದ ಬೆಳ್ಳಿಯ ಅಯಾನುಗಳು (ವಿದ್ಯುದಾವೇಶ ಹೊತ್ತ ಪರಮಾಣುಗಳು) ನೀರಿಗೆ ಸೇರಿದಂತೆಲ್ಲ ಹರಿವು ಏರುತ್ತಾ ಹೋಗಿ, ಕೊನೆಗೆ ಬೆಳ್ಳಿ ಋಣ ತಂತಿಯ ಮೇಲೆ ಒರಟಾಗಿ ಕೂರುತ್ತದೆ. ಸರಣಿಯಲ್ಲಿ 10 ಕಿಲೋ ಓಮ್ ರೆಸಿಸ್ಟರ್ ಹಾಕಿ; 27 ವೋಲ್ಟ್‌ಗೆ ಹರಿವು 2.7 ಮಿಲಿ ಆಂಪಿಯರ್ ದಾಟುವುದಿಲ್ಲ. ನೀರನ್ನು ನಿಧಾನವಾಗಿ ಕಲಕುತ್ತಿರಿ. ಎಷ್ಟು ಹೊತ್ತು ಎಂಬುದನ್ನು ಫ್ಯಾರಡೆಯ ನಿಯಮವೇ ಹೇಳುತ್ತದೆ: 1 ಮಿಲಿ ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ಕರಗುತ್ತದೆ. ನಿಮ್ಮ ಕಾಲು ಲೀಟರ್‌ಗೆ ಅಷ್ಟು ಸಾಕು.

ಆಗಲೂ ನೀರು ಹಳದಿಯಾಗದೆ ತಿಳಿಯಾಗಿಯೇ ಉಳಿಯಬಹುದು, ನಿರಾಶರಾಗಬೇಡಿ. ಅದರಲ್ಲಿರುವುದು ಬಹುಪಾಲು ಬಣ್ಣವಿಲ್ಲದ ಅಯಾನು. ಬೇರೇನೂ ಬೆರೆಸದ ಗ್ಲೂಕೋಸ್ ಚೂರು, ವಾಷಿಂಗ್ ಸೋಡಾ ದ್ರಾವಣ ಒಂದೆರಡು ತೊಟ್ಟು ಹಾಕಿ ಬೆಚ್ಚಗೆ ಮಾಡಿ. ಅಯಾನುಗಳು ಕಣಗಳಾಗುತ್ತವೆ. ಆ ನ್ಯಾನೊ ಕಣಗಳು ಸುಮಾರು 400 ನ್ಯಾನೊಮೀಟರ್‌ನ ನೇರಳೆ ಬೆಳಕನ್ನು ಹೀರುವುದರಿಂದ ನಮಗೆ ಹಳದಿ ಕಾಣುತ್ತದೆ.

ಪ್ರಶ್ನೆ:
ಹಳದಿ ಬಂತು! ಲೇಸರ್ ಹಾಯಿಸಿದರೆ ನೀರಿನೊಳಗೆ ಅದರ ಹಾದಿಯೂ ಕಾಣುತ್ತಿದೆ. ಗಂಟಲು ನೋವಿಗೆ ದಿನಕ್ಕೊಂದು ಚಮಚ ಕುಡಿಯಬಹುದೇ?

ಉತ್ತರ:
ಲೇಸರ್ ಹಾದಿ ಕಂಡಿತೆಂದರೆ ಕಣಗಳಿವೆ, ಅಭಿನಂದನೆ. ಆದರೆ ಕುಡಿಯಬೇಡಿ, ಒಂದು ಚಮಚವನ್ನೂ. ಬೆಳ್ಳಿ ದೇಹದಲ್ಲಿ ಸೇರುತ್ತಾ ಹೋದರೆ ಚರ್ಮ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಆರ್ಜೀರಿಯಾ ಎನ್ನುವ ಈ ಬಣ್ಣ ಸಾಮಾನ್ಯವಾಗಿ ಮತ್ತೆ ಹೋಗುವುದಿಲ್ಲ. ಬೆಳ್ಳಿಯ ಕಲಿಲವಿರುವ ಅಂಗಡಿ ಔಷಧಿಗಳು ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಒಪ್ಪಲಾಗದು ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1999ರಲ್ಲೇ ಹೇಳಿದೆ. ಗಂಟಲಿಗೆ ವೈದ್ಯರನ್ನು ಕಾಣಿ.

ಬಾಟಲಿಗೆ ಚೀಟಿ ಅಂಟಿಸಿ, ಕತ್ತಲಲ್ಲಿ, ಮಕ್ಕಳಿಗೆ ಸಿಗದಂತೆ ಇಡಿ. ಚರಂಡಿಗೆ ಸುರಿಯಬೇಡಿ, ಬೆಳ್ಳಿಯ ಅಯಾನು ಮೀನುಗಳಿಗೆ ವಿಷ. ಬೇಡವಾದ ದಿನ ಅದಕ್ಕೆ ಉಪ್ಪು ಹಾಕಿ, ತಳಕ್ಕಿಳಿದ ಗಸಿಯನ್ನು ಬೇರ್ಪಡಿಸಿ ಇಡಿ.