ರ‍್ಯಾಮ್ ಮರೆತದ್ದನ್ನು ಎಸ್‌ಎಸ್‌ಡಿ ಏಕೆ ಮರೆಯುವುದಿಲ್ಲ?

ಪ್ರಶ್ನೆ: ನಿನ್ನೆ ಕರೆಂಟು ಹೋದಾಗ, ಸೇವ್ ಮಾಡದೆ ಬಿಟ್ಟಿದ್ದ ನನ್ನ ಮೂರು ಪುಟಗಳ ಬರಹ ಅಳಿಸಿಹೋಯಿತು, ಹಳೆಯ ಕಡತಗಳಿಗೆ ಏನೂ ಆಗಲಿಲ್ಲ. ಎರಡೂ ಮೆಮೊರಿಯೇ ಆಗಿರುವಾಗ ಈ ವ್ಯತ್ಯಾಸವೇಕೆ?

ಉತ್ತರ 1: ಸೇವ್ ಮಾಡುವ ಮುನ್ನ ಬರಹ ಇರುವುದು ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿ, ಸೇವ್ ಆದ ಕಡತಗಳು ಇರುವುದು ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿಯಲ್ಲಿ. ರ‍್ಯಾಮ್‌ನಲ್ಲಿ ಪ್ರತಿಯೊಂದು ಬಿಟ್ (0 ಅಥವಾ 1) ಕೂಡ ಅತಿ ಸಣ್ಣ ಕೆಪಾಸಿಟರಿನಲ್ಲಿ ವಿದ್ಯುದಾವೇಶವಾಗಿ ನಿಂತಿರುತ್ತದೆ, ತೂತುಬಿದ್ದ ಕೊಡದಲ್ಲಿನ ನೀರಿನಂತೆ ಅದು ಸೋರುತ್ತಲೇ ಇರುವುದರಿಂದ, ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಬಿಟ್‌ಗಳ ಪ್ರತಿ ಸಾಲನ್ನೂ ಒಮ್ಮೆ ಓದಿ ಮತ್ತೆ ತುಂಬಬೇಕಾಗುತ್ತದೆ. ವಿದ್ಯುತ್ ಇಲ್ಲದಿದ್ದರೆ ತುಂಬುವವರಿಲ್ಲ. ಎಸ್‌ಎಸ್‌ಡಿಯ ಫ್ಲ್ಯಾಶ್ ಕೋಶದಲ್ಲಾದರೋ ಎಲೆಕ್ಟ್ರಾನುಗಳು ನಿರೋಧಕ ಪದರಗಳ ನಡುವೆ ಸೆರೆಯಾಗಿರುತ್ತವೆ, ಹಾಗಾಗಿ ಕರೆಂಟು ಹೋದರೂ ಅಲ್ಲೇ ಉಳಿಯುತ್ತವೆ.

ಉತ್ತರ 2: ಒಂದು ಸೇರ್ಪಡೆ. ಪ್ರೊಸೆಸರಿನೊಳಗೆ, ಆಗಾಗ ಬೇಕಾಗುವ ಮಾಹಿತಿಯನ್ನು ಇಟ್ಟುಕೊಳ್ಳುವ ಪುಟ್ಟ ಮೆಮೊರಿಯಾದ ಕ್ಯಾಶ್‌ಗೆ ಈ ಮರುತುಂಬುವಿಕೆ ಬೇಕಿಲ್ಲ. ಅದು ಸಾಮಾನ್ಯವಾಗಿ ಬಿಟ್‌ಗೆ 6 ಟ್ರಾನ್ಸಿಸ್ಟರುಗಳೆಂಬ ಪುಟ್ಟ ಸ್ವಿಚ್ಚುಗಳಿರುವ, ಬೇರೆ ಬಗೆಯ ರ‍್ಯಾಮ್ ಆದ ಎಸ್‌ರ‍್ಯಾಮ್. ಆದರೂ ಕರೆಂಟು ಹೋದರೆ ಅದೂ ಖಾಲಿಯೇ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ರ‍್ಯಾಮ್ ಹೆಚ್ಚಿಸುವ ಬದಲು ಮೊದಲು ಯುಪಿಎಸ್ ಕೊಳ್ಳುತ್ತೇನೆ.