ಮೆಶ್ ಸಣ್ಣದಾದಷ್ಟೂ ಸ್ಟ್ರೆಸ್ ಏರುತ್ತಿದೆ: ಎಲಿಮೆಂಟ್ ಒಡೆಯಬೇಕೆ, ಘಾತ ಏರಿಸಬೇಕೆ?

ಪ್ರಶ್ನೆ, ಹುಬ್ಬಳ್ಳಿಯ ಯಂತ್ರ ವಿನ್ಯಾಸಕಾರರಿಂದ:

ನಮಸ್ಕಾರ ಮೇಡಂ. 16 ಮಿ.ಮೀ. ಉಕ್ಕಿನ ಪ್ಲೇಟಿನಿಂದ ಕತ್ತರಿಸಿದ ಎಲ್ ಆಕಾರದ ಬ್ರಾಕೆಟ್ ಒಂದಿದೆ. ಮೇಲ್ತುದಿಯನ್ನು ಬಿಗಿದು, ಚಾಚಿದ ತೋಳಿನ ತುದಿಗೆ ಭಾರ ಕೊಟ್ಟಿದ್ದೇನೆ. ಅದನ್ನು ಕಂಪ್ಯೂಟರಿನಲ್ಲಿ ಎಲಿಮೆಂಟ್ ಎಂಬ ಸಣ್ಣ ತುಂಡುಗಳ ಬಲೆಯಾಗಿ, ಅಂದರೆ ಮೆಶ್ ಆಗಿ ಒಡೆದು ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಲೆಕ್ಕ ಹಾಕಿದೆ. ಒಳಮೂಲೆಯಲ್ಲಿ ಗರಿಷ್ಠ ಸ್ಟ್ರೆಸ್ 8 ಮಿ.ಮೀ. ಎಲಿಮೆಂಟ್‌ಗಳಲ್ಲಿ 112 ಮೆಗಾಪಾಸ್ಕಲ್ ಬಂತು. 4 ಮಿ.ಮೀ.ಗೆ ಇಳಿಸಿದರೆ 154, 2ಕ್ಕೆ 210, 1ಕ್ಕೆ 288. ಈ ಉಕ್ಕಿನ ಯೀಲ್ಡ್ ಮಿತಿ, ಅಂದರೆ ದಾಟಿದರೆ ಲೋಹ ಶಾಶ್ವತವಾಗಿ ಬಾಗುವ ಮಿತಿ, 250. ಹಾಗಾಗಿ 2 ಮಿ.ಮೀ. ಮೆಶ್ ತೋರಿಸಿದರೆ ಬ್ರಾಕೆಟ್ ಪಾಸ್, 1 ಮಿ.ಮೀ. ತೋರಿಸಿದರೆ ಫೇಲ್. ಬೇಕಾದಲ್ಲಿ ಮೆಶ್ಶನ್ನು ತಾನೇ ಸಣ್ಣದು ಮಾಡುವ ಅಡಾಪ್ಟಿವ್ ಆಯ್ಕೆ ತಂತ್ರಾಂಶದಲ್ಲಿದೆ, ಅದನ್ನು ಒತ್ತಿದರೆ ಅದು ಆ ಮೂಲೆಯನ್ನೇ ಒಡೆಯುತ್ತಾ ಹೋಗುತ್ತದೆ, ನಿಲ್ಲುವುದೇ ಇಲ್ಲ. ವರದಿಯಲ್ಲಿ ಯಾವ ಸಂಖ್ಯೆ ಬರೆಯಲಿ?

ಉತ್ತರ:

ಯಾವುದನ್ನೂ ಬರೆಯಬೇಡಿ. ನಾಲ್ಕೂ ಸಂಖ್ಯೆಗಳನ್ನು ಕೊಟ್ಟಿದ್ದು ಬಹಳ ಒಳ್ಳೆಯದಾಯಿತು, ಉತ್ತರ ಅವುಗಳಲ್ಲೇ ಇದೆ. 154ನ್ನು 112ರಿಂದ, 210ನ್ನು 154ರಿಂದ, 288ನ್ನು 210ರಿಂದ ಭಾಗಿಸಿ ನೋಡಿ. ಮೂರು ಸಲವೂ ಹೆಚ್ಚುಕಡಿಮೆ 1.37 ಬರುತ್ತದೆ. ಏರಿಕೆ ಹೀಗೆ ತಾಳ ಹಿಡಿದು ಬಂದಿರುವುದಕ್ಕೆ ಕಾರಣ ಮೂಲೆಯ ಆಕಾರ.

ಚೂಪಾದ ಮೂಲೆಗಳ ಸುತ್ತ ಸ್ಟ್ರೆಸ್ ಹೇಗೆ ವರ್ತಿಸುತ್ತದೆ ಎಂಬುದನ್ನು ಎಂ. ಎಲ್. ವಿಲಿಯಮ್ಸ್ 1952ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ನಿಮ್ಮದು 90 ಡಿಗ್ರಿಯ ಒಳಮೂಲೆ, ಲೋಹ ಅದನ್ನು 270 ಡಿಗ್ರಿ ಸುತ್ತುವರಿದಿದೆ. ಅಂಚುಗಳ ಮೇಲೆ ಭಾರವಿಲ್ಲದಿದ್ದರೆ ಅಲ್ಲಿ ಸ್ಥಾನಪಲ್ಲಟವು ಮೂಲೆಯಿಂದಿರುವ ದೂರದ 0.544ನೇ ಘಾತದಂತೆ ಬದಲಾಗುತ್ತದೆ. ಸ್ಟ್ರೆಸ್ ಅದರ ಇಳಿಜಾರು, ಆದ್ದರಿಂದ ಘಾತ ಒಂದು ಕಡಿಮೆಯಾಗಿ ಋಣ 0.456 ಆಗುತ್ತದೆ. ದೂರ ಅರ್ಧವಾದಾಗಲೆಲ್ಲ ಸ್ಟ್ರೆಸ್ 2ರ 0.456ನೇ ಘಾತದಷ್ಟು ಪಟ್ಟು ಹೆಚ್ಚಬೇಕು. ಆ ಲೆಕ್ಕಕ್ಕೆ ಬರುವ ಉತ್ತರವೇ 1.37. ಬಿರುಕಿನ ತುದಿಯಾಗಿದ್ದರೆ ಪ್ರತಿ ಸಲ 1.41 ಪಟ್ಟು ಏರುವುದನ್ನು ಕಾಣುತ್ತಿದ್ದಿರಿ.

ಹಾಗಾಗಿ ನಿಮ್ಮ ಪ್ರೋಗ್ರಾಂ ಸರಿಯಾಗಿಯೇ ಹೇಳುತ್ತಿದೆ. ನೀವು ಬರೆದ ಚಿತ್ರದಲ್ಲಿ ಆ ಬಿಂದುವಿನ ಸ್ಟ್ರೆಸ್ ಅನಂತ, ಮೆಶ್ ಒಂದೊಂದೇ ಮೆಟ್ಟಿಲು ಅದರತ್ತ ಹತ್ತುತ್ತಿದೆ. ಅಡಾಪ್ಟಿವ್ ಆಯ್ಕೆ ನಿಲ್ಲದಿರುವುದಕ್ಕೂ ಇದೇ ಕಾರಣ: ನೀವು ಗುರಿಯಾಗಿ ಕೊಟ್ಟಿರುವುದು ಗರಿಷ್ಠ ಸ್ಟ್ರೆಸ್, ಅದಕ್ಕೆ ತಲುಪಬೇಕಾದ ದಡವೇ ಇಲ್ಲ. ಬ್ರಾಕೆಟ್ ಎಷ್ಟು ಬಾಗುತ್ತದೆ, ಬೋಲ್ಟುಗಳಿಗೆ ಎಷ್ಟು ಬಲ ಬರುತ್ತದೆ ಎಂದಷ್ಟೇ ಕೇಳಿದ್ದರೆ ಚೂಪಾದ ಮೂಲೆ ಇದ್ದರೂ ಉತ್ತರ ಸ್ಥಿರವಾಗುತ್ತಿತ್ತು. ಸ್ಟ್ರೆಸ್ಸೇ ಬೇಕೆಂದರೆ ಮೂಲೆಗೆ ನಿಜವಾದ ಫಿಲೆಟ್ (ದುಂಡಾಗಿಸಿದ ಒಳಮೂಲೆ) ತ್ರಿಜ್ಯ ಕೊಡಿ. ಯಾವ ಕಟಿಂಗ್ ಯಂತ್ರವೂ ಶೂನ್ಯ ತ್ರಿಜ್ಯದ ಒಳಮೂಲೆಯನ್ನು ಕೊರೆಯಲಾರದು.

ಅದೇ ವಿನ್ಯಾಸಕಾರರು: ಡ್ರಾಯಿಂಗಿನಲ್ಲಿ ತ್ರಿಜ್ಯ 6 ಎಂದಿದೆ ಮೇಡಂ, ಮೆಶ್ ಸುಲಭವಾಗಲಿ ಎಂದು ನಾನೇ ತೆಗೆದುಹಾಕಿದ್ದೆ. ಅದನ್ನು ಸೇರಿಸಿ ಮತ್ತೆ ಓಡಿಸುತ್ತೇನೆ.

ಪ್ರಶ್ನೆ, ತುಮಕೂರಿನ ಎಂ.ಟೆಕ್. ವಿದ್ಯಾರ್ಥಿನಿಯಿಂದ:

ಮೇಡಂ, ಪಾಠದಲ್ಲಿ ಎಚ್ ವಿಧಾನ, ಪಿ ವಿಧಾನ, ಎಚ್‌ಪಿ ವಿಧಾನ ಎಂದು ಮೂರು ಹೆಸರುಗಳು ಬಂದವು. ಎಲಿಮೆಂಟಿನ ಅಳತೆ ಕಡಿಮೆ ಮಾಡುವುದು ಎಚ್, ಎಲಿಮೆಂಟಿನೊಳಗೆ ಉತ್ತರವನ್ನು ಬರೆಯುವ ಬಹುಪದೋಕ್ತಿಯ ಘಾತ ಹೆಚ್ಚಿಸುವುದು ಪಿ ಎಂದು ಬರೆದುಕೊಂಡಿದ್ದೇನೆ. ಎರಡೂ ದೋಷವನ್ನು ಕಡಿಮೆ ಮಾಡುತ್ತವೆ ಎಂದಮೇಲೆ ಆಯ್ಕೆ ಏಕೆ ಬೇಕು?

ಉತ್ತರ:

ದುಂಡು ಬಾವಿಗೆ ಕಟ್ಟೆ ಕಟ್ಟುವುದನ್ನು ನೆನೆಸಿಕೊಳ್ಳಿ. ನೇರ ಇಟ್ಟಿಗೆಗಳಿಂದಲೇ ದುಂಡು ತರಬೇಕಾದರೆ ಇಟ್ಟಿಗೆ ಚಿಕ್ಕದಾಗಬೇಕು, ಇದು ಎಚ್. ಬಾವಿಯ ಬಾಗಿಗೆ ಹೊಂದುವಂತೆ ಬಾಗಿದ ಇಟ್ಟಿಗೆಯನ್ನೇ ಅಚ್ಚು ಹಾಕಿಸಿದರೆ ಕೆಲವೇ ದೊಡ್ಡ ಇಟ್ಟಿಗೆಗಳು ಸಾಕು, ಇದು ಪಿ. ಎಲಿಮೆಂಟಿನೊಳಗಿನ ಉತ್ತರ ನಯವಾಗಿ ಬಾಗುವಲ್ಲಿ ಬಾಗಿದ ಇಟ್ಟಿಗೆ ಗೆಲ್ಲುತ್ತದೆ. ಉತ್ತರ ಥಟ್ಟನೆ ಮುರಿಯುವ ಕಡೆ ಎಷ್ಟು ಬಾಗಿಸಿದರೂ ಅದು ಕೂರುವುದಿಲ್ಲ, ಚಿಕ್ಕ ಇಟ್ಟಿಗೆಯೇ ಬೇಕು.

ಮೇಲಿನ ಬ್ರಾಕೆಟಿನ ಚೂಪಾದ ಮೂಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ದೋಷವನ್ನು ಶಕ್ತಿಯ ಮಾನದಲ್ಲಿ ಅಳೆಯೋಣ. ಎಲ್ಲ ಎಲಿಮೆಂಟ್‌ಗಳನ್ನೂ ಸಮನಾಗಿ ಒಡೆಯುತ್ತಾ ಹೋದರೆ ದೋಷ ಅರ್ಧವಾಗಲು ಅಜ್ಞಾತಗಳ, ಅಂದರೆ ಕಂಪ್ಯೂಟರ್ ಕಂಡುಹಿಡಿಯಬೇಕಾದ ಬೆಲೆಗಳ, ಸಂಖ್ಯೆ ಸುಮಾರು 13 ಪಟ್ಟು ಆಗಬೇಕು. ಒಂದನೇ ಘಾತದ ಬದಲು ಎರಡನೇ ಅಥವಾ ಮೂರನೇ ಘಾತದ ಎಲಿಮೆಂಟ್ ಹಾಕಿದರೂ ಈ 13 ಕದಲುವುದಿಲ್ಲ, ಏಕೆಂದರೆ ಮೂಲೆಯೊಂದೇ ಎಲ್ಲರ ವೇಗವನ್ನೂ ಕಟ್ಟಿಹಾಕಿದೆ. ಮೆಶ್ ಹಾಗೆಯೇ ಇಟ್ಟು ಎಲ್ಲೆಡೆ ಘಾತವನ್ನಷ್ಟೇ ಏರಿಸಿದರೆ ಸುಮಾರು 3.6 ಪಟ್ಟು ಸಾಕು. ಮೂಲೆ ಎಲಿಮೆಂಟಿನ ಶೃಂಗದಲ್ಲೇ ಇದ್ದಾಗ ಪಿ ವಿಧಾನದ ವೇಗ ಸಮನಾಗಿ ಒಡೆಯುವ ಎಚ್ ವಿಧಾನದ ಎರಡರಷ್ಟು ಎಂದು ಬಬೂಷ್ಕಾ, ಸಾಬೋ, ಕಾಟ್ಜ್ 1981ರಲ್ಲಿ ಸಾಧಿಸಿದ್ದರು. ಬೇಕಾದಲ್ಲಿ ಮಾತ್ರ ಒಡೆಯುವ ಅಡಾಪ್ಟಿವ್ ಎಚ್ ಆದರೆ ಒಂದನೇ ಘಾತಕ್ಕೆ 4 ಪಟ್ಟು, ಎರಡನೇ ಘಾತಕ್ಕೆ ಕೇವಲ 2 ಪಟ್ಟು.

13 ಪಟ್ಟು ಮತ್ತು 2 ಪಟ್ಟು. ಈ ವ್ಯತ್ಯಾಸವನ್ನು ಮೊದಲ ಸಲ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ದಿನ ನಾನು ಮೆಶ್ ಮಾಡುವ ರೀತಿಯನ್ನೇ ಬದಲಿಸಿಕೊಂಡೆ. ಆಗೆಲ್ಲ ಸಂಜೆ ಲೆಕ್ಕ ಓಡಿಸಿಟ್ಟು ಬೆಳಿಗ್ಗೆ ಬಂದು ಫಲಿತಾಂಶ ನೋಡುವ ಕಾಲ, ಒಂದೊಂದು ಎಲಿಮೆಂಟಿಗೂ ಬೆಲೆಯಿತ್ತು. ಇಂದಿನ ಕಂಪ್ಯೂಟರ್ ವೇಗವಾಗಿದೆ ಎಂದು ಎಲ್ಲೆಡೆ 1 ಮಿ.ಮೀ. ಮೆಶ್ ಸುರಿಯುವವರನ್ನು ಕಂಡಾಗ ನನಗೆ ಈಗಲೂ ಸಂಕಟವಾಗುತ್ತದೆ.

ಎಚ್‌ಪಿ ಎಂದರೆ ಎರಡನ್ನೂ ಬೆರೆಸುವುದು: ಮೂಲೆಯ ಬಳಿ ಒಡೆಯಿರಿ, ದೂರದಲ್ಲಿ ಘಾತ ಏರಿಸಿ. ಬಬೂಷ್ಕಾ ಮತ್ತು ಗುವೋ ತೋರಿಸಿದಂತೆ, ಸರಿಯಾಗಿ ಬೆರೆಸಿದರೆ ಎರಡು ಆಯಾಮಗಳಲ್ಲಿ ದೋಷವು ಅಜ್ಞಾತಗಳ ಸಂಖ್ಯೆಯ ಘನಮೂಲಕ್ಕೆ ತಕ್ಕಂತೆ ಘಾತೀಯವಾಗಿ ಇಳಿಯುತ್ತದೆ. ದೋಷದ ಲಾಗರಿದಮ್ಮನ್ನು ಆ ಘನಮೂಲದ ಎದುರು ಗುರುತಿಸಿ ನೋಡಿ, ನೇರ ಗೆರೆ ಬಂದರೆ ನಿಮ್ಮ ಬೆರಕೆ ಸರಿಯಿದೆ. ಮೂರು ಆಯಾಮಗಳಲ್ಲಿ ಘನಮೂಲದ ಜಾಗದಲ್ಲಿ ಐದನೇ ಮೂಲ ಬರುತ್ತದೆ, ಲಾಭ ನಿಧಾನವಾಗುತ್ತದೆ.

ಪ್ರಶ್ನೆ, ಜರ್ಮನಿಯಲ್ಲಿರುವ ಸಂಶೋಧನಾ ವಿದ್ಯಾರ್ಥಿಯಿಂದ:

ನಾನು ಡೀಲ್ ಟೂ (deal.II) ಎಂಬ ಫೈನೈಟ್ ಎಲಿಮೆಂಟ್ ತಂತ್ರಾಂಶ ಗ್ರಂಥಾಲಯ ಬಳಸಿ ಎಚ್‌ಪಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ದೋಷ ಎಲ್ಲಿ ಹೆಚ್ಚು ಎಂದು ಕೆಲ್ಲಿ ಅಂದಾಜು ಹೇಳುತ್ತದೆ. ಆದರೆ ಆ ಎಲಿಮೆಂಟನ್ನು ಒಡೆಯಬೇಕೋ, ಅದರ ಘಾತ ಏರಿಸಬೇಕೋ ಎಂದು ಅದು ಹೇಳುವುದಿಲ್ಲ. ಸದ್ಯ ಲೆಜಾಂಡ್ರ್ ಗುಣಾಂಕಗಳ ಇಳಿಕೆಯನ್ನು ನೋಡಿ ನಿರ್ಧರಿಸುತ್ತಿದ್ದೇನೆ. ನಯವಾಗಿರಬೇಕಾದ ಕಡೆಯೂ ಅದು ಒಡೆಯುತ್ತಿದೆ. ಎಲ್ಲಿ ಎಡವುತ್ತಿದ್ದೇನೆ ಮೇಡಂ?

ಉತ್ತರ:

ಇಡೀ ವಿಷಯದ ಕಗ್ಗಂಟು ಇಲ್ಲೇ ಇದೆ, ಸ್ವಲ್ಪ ನಿಧಾನವಾಗಿ ಬಿಡಿಸೋಣ.

ಕೆಲ್ಲಿ ಅಂದಾಜು ಪಕ್ಕಪಕ್ಕದ ಎಲಿಮೆಂಟ್‌ಗಳ ನಡುವಿನ ಅಂಚಿನಲ್ಲಿ ಇಳಿಜಾರು ಎಷ್ಟು ಜಿಗಿಯುತ್ತದೆ ಎಂದು ಅಳೆಯುತ್ತದೆ. ಜಿಗಿತ ದೊಡ್ಡದಾದರೆ ದೋಷ ದೊಡ್ಡದು. ದೋಷಕ್ಕೆ ಕಾರಣ ಒರಟುತನವೋ, ನಯವಾದರೂ ಬಿರುಸಾದ ಬಾಗೋ ಎಂಬುದು ಅದಕ್ಕೆ ಕಾಣುವುದಿಲ್ಲ. ಆ ಎರಡನೇ ಪ್ರಶ್ನೆಗೇ ಲೆಜಾಂಡ್ರ್ ಪರೀಕ್ಷೆ ಇರುವುದು. ಎಲಿಮೆಂಟಿನೊಳಗಿನ ಉತ್ತರವನ್ನು ಲೆಜಾಂಡ್ರ್ ಬಹುಪದೋಕ್ತಿಗಳಾಗಿ ಬಿಡಿಸಿ, ಗುಣಾಂಕಗಳ ಲಾಗರಿದಮ್ಮಿಗೆ ಒಂದು ನೇರ ಗೆರೆ ಹೊಂದಿಸುತ್ತೀರಿ. ಗೆರೆ ಕಡಿದಾಗಿ ಇಳಿದರೆ ಉತ್ತರ ನಯವಾಗಿದೆ, ಘಾತ ಏರಿಸಿ. ಚಪ್ಪಟೆಯಾಗಿದ್ದರೆ ಒಡೆಯಿರಿ. ಇಳಿಕೆಯ ದರ 1ಕ್ಕಿಂತ ಹೆಚ್ಚಿದ್ದರೆ ಪಿ, ಇಲ್ಲವಾದರೆ ಎಚ್ ಎಂಬುದು ಸಂಶೋಧಕಿ ಮಾವ್ರಿಪ್ಲಿಸ್ ಕೊಟ್ಟ ನಿಯಮ.

ನೀವು ಎಲ್ಲೆಡೆ ಒಂದನೇ ಘಾತದಿಂದ ಶುರುಮಾಡುತ್ತಿದ್ದೀರಿ ಎಂದು ನನ್ನ ಊಹೆ. ಒಂದನೇ ಘಾತದಲ್ಲಿ ಪ್ರತಿ ದಿಕ್ಕಿಗೆ ಎರಡೇ ಗುಣಾಂಕಗಳು. ಎರಡು ಚುಕ್ಕಿಗಳ ನಡುವೆ ಯಾವ ಗೆರೆಯಾದರೂ ಹಾದುಹೋಗುತ್ತದೆ, ಅದರಿಂದ ನಯವನ್ನು ಅಳೆಯಲಾಗದು. ಕನಿಷ್ಠ ಎರಡನೇ ಘಾತದಿಂದ, ಸಾಧ್ಯವಾದರೆ ಮೂರರಿಂದ ಆರಂಭಿಸಿ. ಸಮಮಿತಿ ಇನ್ನೊಂದು ಬಲೆ. ಉತ್ತರ ಎಲಿಮೆಂಟಿನ ನಡುಗೆರೆಗೆ ಸಮಮಿತವಾಗಿದ್ದರೆ ಬೆಸ ಗುಣಾಂಕಗಳು ಸೊನ್ನೆಯಾಗುತ್ತವೆ. ಸೊನ್ನೆಯ ಸಮೀಪದ ಆ ಸಂಖ್ಯೆಗಳ ಲಾಗರಿದಮ್ ತೆಗೆದುಕೊಂಡರೆ ಗೆರೆ ಎತ್ತಲೋ ವಾಲುತ್ತದೆ. ಅಂಥ ಗುಣಾಂಕಗಳನ್ನು ಹೊಂದಿಕೆಯಿಂದ ಕೈಬಿಡಿ.

ನನ್ನನ್ನು ಕೇಳಿದರೆ ಇನ್ನೂ ಸರಳವಾದ ದಾರಿಯಿದೆ. ಒಳಮೂಲೆಗಳು, ಎರಡು ಲೋಹಗಳು ಕೂಡುವ ತುದಿಗಳು, ಬಿಗಿತ ಮುಗಿಯುವ ಬಿಂದುಗಳು: ಒರಟುತನ ಎಲ್ಲಿರುತ್ತದೆ ಎಂದು ಚಿತ್ರ ನೋಡಿದವರಿಗೆ ಮೊದಲೇ ಗೊತ್ತು. ಆ ಬಿಂದುಗಳನ್ನು ಮುಟ್ಟುವ ಎಲಿಮೆಂಟ್‌ಗಳನ್ನು ಒಡೆಯಿರಿ, ಉಳಿದೆಡೆ ಘಾತ ಏರಿಸಿ. ಮೂಲೆಯತ್ತ ಪ್ರತಿ ಪದರದ ಅಳತೆ ಹಿಂದಿನದರ 0.15ರಷ್ಟಿರಲಿ: 8 ಮಿ.ಮೀ., ನಂತರ 1.2, ನಂತರ 0.18. ಅರ್ಧರ್ಧ ಮಾಡುತ್ತಾ ಬಂದರೆ ಆರು ಸಲ ಒಡೆದರೂ 0.125ಕ್ಕೆ ನಿಲ್ಲುತ್ತೀರಿ, ಇಲ್ಲಿ ಮೂರೇ ಪದರಗಳಲ್ಲಿ 0.027 ತಲುಪುತ್ತೀರಿ. ಮೂಲೆಗೆ ತಾಗಿದ ಎಲಿಮೆಂಟಿಗೆ ಕಡಿಮೆ ಘಾತ ಸಾಕು, ಹೊರಗೆ ಹೋದಂತೆ ಪದರಕ್ಕೊಂದರಂತೆ ಏರಿಸಿ. ಉತ್ತರದ ಒಳಗೆ ಆಘಾತದ ಅಲೆಯೋ ಕಡಿದಾದ ಪದರವೋ ಹುಟ್ಟುವ ಸಮಸ್ಯೆಯಾದರೆ ಮಾತ್ರ ಈ ದಾರಿ ಸಾಲದು, ಆಗ ಲೆಜಾಂಡ್ರ್ ಪರೀಕ್ಷೆಗೇ ಮರಳಬೇಕು.

ಒಂದೆಡೆ ಒಡೆದು ಪಕ್ಕದಲ್ಲಿ ಒಡೆಯದೆ ಬಿಟ್ಟಾಗ ಅಂಚಿನ ನಡುವೆ ನೇತಾಡುವ ನೋಡ್‌ಗಳು, ಅಂದರೆ ಪಕ್ಕದ ಎಲಿಮೆಂಟಿನಲ್ಲಿ ಜೋಡಿಯಿಲ್ಲದ ಬಿಂದುಗಳು, ಉಳಿಯುತ್ತವೆ. ಅವುಗಳ ಬೆಲೆಯನ್ನು ದೊಡ್ಡ ಎಲಿಮೆಂಟಿನ ಅಂಚಿಗೆ ಕಟ್ಟಬೇಕು, ಒಂದನೇ ಘಾತದಲ್ಲಿ ಅದು ಎರಡು ತುದಿಗಳ ಸರಾಸರಿ. ಈ ಕಟ್ಟುಗಳನ್ನು ಲೆಕ್ಕ ಹಾಕುವ ಸೌಲಭ್ಯ ಡೀಲ್ ಟೂನಲ್ಲೇ ಇದೆ, ಅದನ್ನು ಕರೆದು ಬಳಸಬೇಕಷ್ಟೆ. ಸ್ವಂತ ಪ್ರೋಗ್ರಾಂ ಬರೆಯುವವರು ಮರೆತರೆ ಅಂಚಿನಲ್ಲಿ ಲೋಹ ಬಾಯಿ ಬಿಡುತ್ತದೆ, ಮತ್ತೆ ದೋಷದ ಅಂದಾಜು ಅಲ್ಲಿಗೇ ಓಡುತ್ತದೆ.

ಪ್ರಶ್ನೆ, ಶಿವಮೊಗ್ಗದ ಸಿವಿಲ್ ಎಂಜಿನಿಯರ್ ಒಬ್ಬರಿಂದ:

ಇದೆಲ್ಲ ವಿಮಾನದ ಬಿಡಿಭಾಗಗಳಿಗೆ ಸರಿ. ಕಾಂಕ್ರೀಟಿಗೆ ದೊಡ್ಡ ಸುರಕ್ಷಾ ಅಂಶ ಇಟ್ಟೇ ಕಟ್ಟುತ್ತೇವೆ. ನಮಗೆ ಇಷ್ಟು ಸೂಕ್ಷ್ಮ ಬೇಕೆ?

ಉತ್ತರ:

ಬೇಕು ಸರ್. ನಾರ್ವೆಯ ಸ್ಲೈಪ್ನರ್ ಎ ತೈಲ ವೇದಿಕೆಯ ಕಾಂಕ್ರೀಟ್ ಅಡಿಪಾಯ 1991ರ ಆಗಸ್ಟ್ 23ರಂದು ಸ್ಟಾವಾಂಗರ್ ಬಳಿಯ ಗಾಂಡ್ಸ್‌ಫ್ಯೋರ್ಡ್‌ನಲ್ಲಿ ಮುಳುಗಿತು. ಕೋಶಗಳು ಕೂಡುವ ಕಡೆ ಉಳಿಯುವ ಮುಮ್ಮೂಲೆಯ ಸಣ್ಣ ಕೋಶವೊಂದರ ಗೋಡೆ ಒಡೆದಿತ್ತು. ಅಲ್ಲಿನ ಮೆಶ್ ಒರಟಾಗಿತ್ತು, ಎಲಿಮೆಂಟ್‌ಗಳು ಸೊಟ್ಟಗಿದ್ದವು, ಹಾಗಾಗಿ ಕತ್ತರಿ ಸ್ಟ್ರೆಸ್ ಶೇ. 47ರಷ್ಟು ಕಡಿಮೆ ಅಂದಾಜಾಗಿತ್ತು. ಅದರ ಜೊತೆಗೆ ಕಬ್ಬಿಣದ ಜೋಡಣೆಯೂ ಆ ಜಾಗದಲ್ಲಿ ಸಾಲದಾಗಿತ್ತು. ನಂತರ ಎಚ್ಚರದಿಂದ ಮಾಡಿದ ವಿಶ್ಲೇಷಣೆ 62 ಮೀಟರ್ ಆಳದಲ್ಲಿ ಗೋಡೆ ಸೋಲುತ್ತದೆ ಎಂದಿತು. ಅದು ನಿಜವಾಗಿ ಸೋತದ್ದು 65 ಮೀಟರಿನಲ್ಲಿ.

ಇಷ್ಟು ಹತ್ತಿರದ ಉತ್ತರ ಅದೇ ವಿಧಾನದಿಂದ, ಮುಂಚೆಯೇ ಸಿಗಬಹುದಾಗಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಎಲಿಮೆಂಟ್‌ಗೆ ಎಲಿಮೆಂಟ್ ದೋಷದ ನಕ್ಷೆ ತೆಗೆದಿದ್ದರೆ ಆ ಗೋಡೆ ಕಣ್ಣಿಗೆ ಬೀಳುತ್ತಿತ್ತು ಎಂದೇ ನಾನು ನಂಬುತ್ತೇನೆ. ಅಣೆಕಟ್ಟಿನ ಹಿಮ್ಮಡಿಯಲ್ಲಿ (ನೀರಿನ ಕಡೆಯ ಬುಡದಲ್ಲಿ) ಎಳೆತದ ಸ್ಟ್ರೆಸ್ ಮೆಶ್ ಜೊತೆ ಏರುವುದನ್ನು ನೀವೂ ನೋಡಿರುತ್ತೀರಿ, ಅದು ಹುಬ್ಬಳ್ಳಿಯವರ ಬ್ರಾಕೆಟಿನ ಕಥೆಯೇ. ಅಲ್ಲಿ ಒಂದು ಬಿಂದುವಿನ ಬೆಲೆ ಓದಬೇಡಿ, ಅಡಿಯ ಉದ್ದಕ್ಕೂ ಸ್ಟ್ರೆಸ್ ಕೂಡಿಸಿ ಬಲ ಮತ್ತು ಬಾಗಿಸುವ ಮೊಮೆಂಟ್ ತೆಗೆಯಿರಿ. ಅವು ಸ್ಥಿರವಾಗುತ್ತವೆ.

ಹುಬ್ಬಳ್ಳಿಯ ವಿನ್ಯಾಸಕಾರರು, ಎರಡು ದಿನಗಳ ನಂತರ:

ಮೇಡಂ, 6 ಮಿ.ಮೀ. ಫಿಲೆಟ್ ಸೇರಿಸಿದೆ. ಅದರ ಸುತ್ತ ಎರಡು ಪದರ ಎಲಿಮೆಂಟ್ ಇಟ್ಟು, ಮೆಶ್ ಕದಲಿಸದೆ ಘಾತವನ್ನಷ್ಟೇ ಏರಿಸಿದೆ. ಎರಡನೇ ಘಾತಕ್ಕೆ 171, ಮೂರಕ್ಕೆ 189, ನಾಲ್ಕಕ್ಕೆ 194, ಐದಕ್ಕೆ 195, ಆರಕ್ಕೂ 195. ಈ ಸಲ ನಿಂತಿತು. 250ಕ್ಕಿಂತ ಕೆಳಗಿದೆ, ವರದಿಗೆ 195 ಎಂದು ಹಾಕಲೇ?

ಉತ್ತರ:

ಬಹಳ ಸಂತೋಷ. 18, 5, 1, 0 ಎಂದು ವ್ಯತ್ಯಾಸ ಕುಗ್ಗಿದ ರೀತಿ ನೋಡಿ, ಚೂಪು ಹೋದ ಕೂಡಲೇ ಬಾಗಿದ ಇಟ್ಟಿಗೆ ಸರಿಯಾಗಿ ಕೂತಿತು. 195 ಎಂಬುದು ನಿಮ್ಮ ಡ್ರಾಯಿಂಗಿನ ಉತ್ತರ. ಕತ್ತರಿಸಿ ಬಂದ ಬ್ರಾಕೆಟಿನಲ್ಲಿ ತ್ರಿಜ್ಯ 6 ಇದೆಯೇ? ರೇಡಿಯಸ್ ಗೇಜ್ ತೆಗೆದುಕೊಂಡು ವರ್ಕ್‌ಶಾಪಿಗೆ ಹೋಗಿ ನಾಲ್ಕೈದು ಬ್ರಾಕೆಟ್‌ಗಳನ್ನು ಅಳೆದು ಬನ್ನಿ.

ವಿನ್ಯಾಸಕಾರರು: ಅಳೆದೆ ಮೇಡಂ. ಐದು ಬ್ರಾಕೆಟ್‌ಗಳಲ್ಲಿ ಮೂರಕ್ಕೆ 6 ಇದೆ, ಒಂದಕ್ಕೆ 5, ಒಂದಕ್ಕೆ 3.

ಉತ್ತರ: ಹಾಗಾದರೆ 3ಕ್ಕೆ ಓಡಿಸಿ. ಫಿಲೆಟ್ ಚಿಕ್ಕದಾಗಿದೆ, ಅದರ ಸುತ್ತಲಿನ ಎರಡು ಪದರಗಳನ್ನೂ ಅದೇ ಪ್ರಮಾಣದಲ್ಲಿ ಚಿಕ್ಕದು ಮಾಡಿ. ಘಾತ ನಾಲ್ಕು, ಐದು, ಆರರ ಮೂರು ಸಂಖ್ಯೆಗಳನ್ನು ಇಲ್ಲಿಗೆ ಕಳುಹಿಸಿ. ಅಲ್ಲಿಯವರೆಗೆ ಆ ಐದನೇ ಬ್ರಾಕೆಟನ್ನು ಯಂತ್ರಕ್ಕೆ ಜೋಡಿಸಬೇಡಿ.